ಅಲ್ಯೂಮಿನಿಯಂ ಹೆಡ್‌ನ ಬಿರುಕು: ಬೆಸುಗೆ ನಿಂತದ್ದು ಹೀಗೆ

ತುಮಕೂರಿನ ಶಿರಾ ಗೇಟ್ ಬಳಿಯ ನಮ್ಮ ಗ್ಯಾರೇಜಿಗೆ ಬಂದ ಕಾರು. ರೇಡಿಯೇಟರ್ ನೀರು ದಿನವೂ ಇಳಿಯುತ್ತಿತ್ತು, ಸೈಲೆನ್ಸರಿನಲ್ಲಿ ಬಿಳಿ ಹೊಗೆ. ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚಿದರೆ ಎರಡು ವಾಲ್ವ್‌ಗಳ ನಡುವೆ ಕೂದಲೆಳೆಯಷ್ಟು ಬಿರುಕು. ಎಪಾಕ್ಸಿ ಅಂಟು ಎರಡೇ ದಿನ ತಡೆಯಿತು. ಟಿಗ್ ವೆಲ್ಡಿಂಗ್ (ಟಂಗ್‌ಸ್ಟನ್ ಕಡ್ಡಿಯ ಕಿಡಿಯಿಂದ, ಅನಿಲದ ರಕ್ಷಣೆಯಲ್ಲಿ ಬೆಸೆಯುವ ವಿಧಾನ) ಮಾಡಿದರೆ ಬೆಸುಗೆಯ ತುಂಬ ಸೂಜಿತೂತು.

ಕಾರಣ, ಲೋಹ ಹೀರಿಕೊಂಡಿದ್ದ ಎಣ್ಣೆ. ವಾಲ್ವ್ ಕೂರುವ ಉಂಗುರ, ಅಂದರೆ ವಾಲ್ವ್ ಸೀಟು ತೆಗೆದೆ. ಬಿರುಕಿನ ತುದಿಗಳಲ್ಲಿ 3 ಮಿ.ಮೀ. ತೂತು ಕೊರೆದು, ಉದ್ದಕ್ಕೂ ವಿ ಆಕಾರದಲ್ಲಿ ಕೆತ್ತಿ, ಓವನ್‌ನಲ್ಲಿ 200 ಡಿಗ್ರಿಗೆ ಕಾಯಿಸಿದೆ. ಕಪ್ಪು ಎಣ್ಣೆ ಬೆವರಿನಂತೆ ಒಸರಿತು. ತಣಿದ ಮೇಲೆ ಅಸಿಟೋನ್‌ನಿಂದ ಒರೆಸಿ, ಹೊಸ ಸ್ಟೇನ್‌ಲೆಸ್ ಬ್ರಶ್‌ನಿಂದ ಉಜ್ಜಿ, ಮತ್ತೆ ಕಾಯಿಸಿದೆ. ಮೂರನೆಯ ಸಲ ಬಟ್ಟೆ ಬೆಳ್ಳಗೇ ಉಳಿಯಿತು. ಮತ್ತೊಮ್ಮೆ ಕಾಯಿಸಿ, ಆ ಬಿಸಿಯಲ್ಲೇ ಎಸಿ ಕರೆಂಟಿನ ಟಿಗ್, ಶುದ್ಧ ಆರ್ಗಾನ್ ಅನಿಲ, 4043 ರಾಡ್ (ಸಿಲಿಕಾನ್ ಬೆರೆತ ಅಲ್ಯೂಮಿನಿಯಂ ಬೆಸುಗೆ ಕಡ್ಡಿ). ಗ್ಲಾಸ್ ವೂಲ್ ಹೊದಿಸಿ ರಾತ್ರಿಯಿಡೀ ಆರಲು ಬಿಟ್ಟೆ. ಫೇಸಿಂಗ್, ಅಂದರೆ ಹೆಡ್‌ನ ಮುಖ ಸಮತಟ್ಟು ಮಾಡುವುದು, ಆಮೇಲೆಯೇ; ಮೊದಲು ಮಾಡಿದರೆ ದಂಡ, ಶಾಖಕ್ಕೆ ಹೆಡ್ ಸೊಟ್ಟಗಾಗುತ್ತದೆ. ಪ್ರೆಷರ್ ಟೆಸ್ಟ್‌ನಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ.