ಚಾವಡಿಯಲ್ಲಿ ಮಲಗಿದ ಇಂಜಿನ್ ಏಳಬೇಕಾದರೆ

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ರಜೆ. 10 ಅಶ್ವಶಕ್ತಿಯೊಳಗಿನ ಇಂಜಿನ್ ಕಟ್ಟಿದ ನಾಡದೋಣಿಗೆ ಅಡ್ಡಿಯಿಲ್ಲ, ಆದರೆ ಕಡಲು ಒಪ್ಪಬೇಕಲ್ಲ. ಹಾಗಾಗಿ ಮೇ ಕೊನೆಗೆ ದೋಣಿ ತೆಂಗಿನ ಗರಿಯ ಮಾಡಿನಡಿ ಸೇರಿದರೆ, ದೋಣಿಯ ಹಿಂಬದಿಗೆ ಸಿಕ್ಕಿಸುವ ನಮ್ಮ ಔಟ್‌ಬೋರ್ಡ್ ಇಂಜಿನ್ ಚಾವಡಿಯ ಮೂಲೆ ಸೇರುತ್ತಿತ್ತು. ಮರದ ಸ್ಟ್ಯಾಂಡಿಗೆ ನೆಟ್ಟಗೆ ಬಿಗಿದು ಹಳೆಯ ಸೀರೆ ಹೊದಿಸುತ್ತಿದ್ದೆ. ಕಡಲಿಗೆ ಹೋಗುತ್ತಿದ್ದವರು ಯಜಮಾನರು. ಎರಡು ತಿಂಗಳು ಅದರ ಮುಖ ನೋಡಿಕೊಂಡು ಇದ್ದವಳು ನಾನು. ನೂಲಹುಣ್ಣಿಮೆಗೆ ಸಮುದ್ರಕ್ಕೆ ಕಾಯಿ ಬಿಟ್ಟು ಬಂದ ಮೇಲೂ ಅದು ಹಗ್ಗದ ಎಳೆತಕ್ಕೆ ಓಗೊಡದಿದ್ದರೆ ಮನೆಯಲ್ಲಿ ಏಳುತ್ತಿದ್ದ ರಂಪವನ್ನು ಈಗ ನೆನೆದರೆ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ.

ಮೊದಲು ಒಂದು ಮಾತು. ಇಂಜಿನ್ ಏಳದಿದ್ದರೆ ಕೆಟ್ಟಿದೆ ಎಂದು ಹೊತ್ತುಕೊಂಡು ಓಡಬೇಡಿ. ನಾನು ಕಂಡಂತೆ ಹೆಚ್ಚಿನ ಸಲ ಕೆಟ್ಟಿರುವುದು ಹೊಟ್ಟೆಯೊಳಗಿನ ಹಳೆಯ ಪೆಟ್ರೋಲ್. ಅದರ ಹಗುರ ಅಂಶವೆಲ್ಲ ಹಾರಿಹೋಗಿ ಉಳಿದದ್ದು ಅಂಟಾಗುತ್ತದೆ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿನಲ್ಲಿ ಜೆಟ್ ಎಂಬ ಸಣ್ಣ ತೂತಿನ ತುಣುಕಿದೆ, ಆ ಅಂಟು ಅದರ ಬಾಯಿ ಮುಚ್ಚುತ್ತದೆ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥೆನಾಲ್ ಬೇರೆ ಇರುತ್ತದೆ. ಅದು ಮಳೆಗಾಲದ ಗಾಳಿಯ ನೀರನ್ನು ಹೀರಿ, ಕೊನೆಗೆ ನೀರಿನ ಸಮೇತ ಪೆಟ್ರೋಲ್ ಕ್ಯಾನಿನ ತಳಕ್ಕೆ ಇಳಿದು ಕೂರುತ್ತದೆ. ನೀವು ಬೆರೆಸಿದ 2ಟಿ ಆಯಿಲ್ (ಟೂ ಸ್ಟ್ರೋಕ್ ಇಂಜಿನ್ನಿಗೆಂದು ಪೆಟ್ರೋಲಿಗೆ ಬೆರೆಸುವ ಎಣ್ಣೆ) ಮೇಲಿನ ಪದರದಲ್ಲೇ ಉಳಿಯುತ್ತದೆ. ಪೈಪ್ ಎಳೆಯುವುದು ತಳದಿಂದ. ಅಂದರೆ ಇಂಜಿನ್ನಿಗೆ ಹೋಗುವುದು ಎಣ್ಣೆಯಿಲ್ಲದ, ನೀರು ಬೆರೆತ ಎಥೆನಾಲ್.

ನಂಬಿಕೆ ಬಾರದಿದ್ದರೆ ಕಾರ್ಬೊರೇಟರಿನ ಕೆಳಗಿನ ಬಟ್ಟಲಿನ ತಳದಲ್ಲಿರುವ ಸ್ಕ್ರೂ ಸಡಿಲಿಸಿ, ಬಂದದ್ದನ್ನು ಗಾಜಿನ ಲೋಟಕ್ಕೆ ಹಿಡಿಯಿರಿ. ಬೆಳಕಿಗೆ ಹಿಡಿದು ಸ್ವಲ್ಪ ಓರೆ ಮಾಡಿದರೆ ತಳದಲ್ಲಿ ನೀರಿನ ಹನಿಗಳು ಪಾದರಸದ ಹಾಗೆ ಒಂದನ್ನೊಂದು ಕೂಡಿಕೊಂಡು ಉರುಳುತ್ತವೆ. ಮೂಗಿಗೆ ಬರುವುದು ಪೆಟ್ರೋಲಿನ ವಾಸನೆಯಲ್ಲ, ಮುಚ್ಚಳ ತೆಗೆದಿಟ್ಟ ಹಳೆಯ ವಾರ್ನಿಷಿನದು. ಅದನ್ನು ನೋಡಿದ ಮೇಲೆ ಹಗ್ಗ ಎಳೆಯುವ ಮನಸ್ಸೇ ಬರುವುದಿಲ್ಲ. ಆ ಲೋಟವನ್ನು ಮತ್ತೆ ಅಡುಗೆಮನೆಗೆ ತರಬೇಡಿ. ಈ ಕೆಲಸವೆಲ್ಲ ಅಂಗಳದಲ್ಲೇ ಆಗಬೇಕು. ಮಳೆ ಬರುತ್ತದೆಂದು ಬಚ್ಚಲುಮನೆಯಲ್ಲಿ ಕುಳಿತು ಬಿಚ್ಚಿದವರನ್ನು ಕಂಡಿದ್ದೇನೆ. ಪಕ್ಕದಲ್ಲೇ ಹಂಡೆಯ ಒಲೆ ಉರಿಯುತ್ತಿತ್ತು! ಪುಣ್ಯ ದೊಡ್ಡದು, ಬದುಕಿಕೊಂಡರು.

ಹಳೆಯದನ್ನು ಪೂರ್ತಿ ಖಾಲಿ ಮಾಡಿ ಹೊಸ ಪೆಟ್ರೋಲ್ ತನ್ನಿ. ಎಣ್ಣೆಯ ಅಳತೆ ಇಂಜಿನ್ನಿನ ಪುಸ್ತಕದಲ್ಲಿ ಹೇಳಿದಷ್ಟೇ ಇರಲಿ. 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿ. ಹಳೆಯ ಇಂಜಿನ್ನುಗಳು ಹೆಚ್ಚು ಕೇಳುತ್ತವೆ. ಕಣ್ಣಂದಾಜು ಸಾರಿನ ಉಪ್ಪಿಗೆ ಸಾಕು, ಇಲ್ಲಿ ಬೇಡ. ಅಂಟು ಹಿಡಿದ ಜೆಟ್ಟನ್ನು ಬಿಚ್ಚಿದರೆ ಸೂಜಿ, ತಂತಿ ಚುಚ್ಚಬೇಡಿ. ಅದು ಹಿತ್ತಾಳೆ, ತೂತು ಕೂದಲೆಳೆಯಷ್ಟು ದೊಡ್ಡದಾದರೂ ಇಂಜಿನ್ ಮುಂದೆ ಯಾವತ್ತೂ ಸರಿಯಾಗಿ ನಿಧಾನಕ್ಕೆ ಓಡುವುದಿಲ್ಲ. ಗಾಳದ ಸಣ್ಣ ನೈಲಾನ್ ದಾರ ಮನೆಯಲ್ಲಿ ಇದ್ದೇ ಇರುತ್ತದಲ್ಲ, ಅದನ್ನು ತೂರಿಸಿ ಆಚೆ ಈಚೆ ಎಳೆದರೆ ಸಾಕು.

ಹಗ್ಗಕ್ಕೆ ಕೈ ಹಾಕುವ ಮೊದಲು ಕಿಡಿ ಹಾರಿಸುವ ಪ್ಲಗ್ ಬಿಚ್ಚಿ ಆ ತೂತಿಗೆ ಒಂದು ಸಣ್ಣ ಚಮಚ 2ಟಿ ಆಯಿಲ್ ಬಿಟ್ಟು, ಎರಡು ಮೂರು ಸಲ ಮೆಲ್ಲಗೆ ತಿರುಗಿಸಿ. ಸಲೀಸಾಗಿ ತಿರುಗಿದರೆ ಜಾಮ್ ಆಗಿಲ್ಲ ಎಂದರ್ಥ. ಪ್ಲಗ್ಗನ್ನು ಒರೆಸಿ, ಉಜ್ಜಿ ಹಾಕಿ, ಹೊಸ ಪ್ಲಗ್ ಒಂದು ಡಬ್ಬಿಯಲ್ಲಿ ಇಟ್ಟಿರಲಿ. ಇಂಜಿನ್ನನ್ನು ಒಣಗಿದ್ದಾಗ ಓಡಿಸಿದರೆ ನೀರೆಳೆಯುವ ಪಂಪಿನ ರಬ್ಬರ್ ರೆಕ್ಕೆ ಸುಟ್ಟುಹೋಗುತ್ತದೆ, ಆದ್ದರಿಂದ ನೀರು ಎಳೆಯುವ ಕಿಂಡಿ ಪೂರ್ತಿ ಮುಳುಗುವಷ್ಟು ನೀರಿರುವ ಡ್ರಮ್ಮಿನಲ್ಲಿ ಇಳಿಸಿ.

ಇನ್ನು ಎಬ್ಬಿಸುವ ಕ್ರಮ. ಕ್ಯಾನಿನ ಮುಚ್ಚಳದ ಮೇಲಿನ ಗಾಳಿ ಸ್ಕ್ರೂ ಸಡಿಲಿಸಿ. ಪೈಪಿನ ರಬ್ಬರ್ ಬಲ್ಬಿನ ಮೇಲಿರುವ ಬಾಣ ಇಂಜಿನ್ನಿನ ಕಡೆಗಿರಲಿ; ಅದು ಹಸಿ ಲಿಂಬೆಕಾಯಿಯಷ್ಟು ಗಟ್ಟಿಯಾಗುವವರೆಗೆ ಒತ್ತಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಕಿತ್ತರೆ ಇಂಜಿನ್ ಆರಿಸುವ ಕೆಂಪು ಹಗ್ಗದ ಕ್ಲಿಪ್ ಸ್ವಿಚ್ಚಿನಲ್ಲಿ ಸಿಕ್ಕಿಸಿರಲಿ, ವೇಗ ಏರಿಸಿ ಇಳಿಸುವ ಹಿಡಿಕೆ ಸ್ಟಾರ್ಟ್ ಗುರುತಿನಲ್ಲಿರಲಿ, ಗಾಳಿಗೆ ತಡೆ ಹಾಕುವ ಚೋಕ್ ಪೂರ್ತಿ ಎಳೆದಿರಲಿ. ಹಗ್ಗವನ್ನು ಮೆಲ್ಲಗೆ ಎಳೆದು, ಇಂಜಿನ್ನಿನೊಳಗಿನ ಹಲ್ಲು ಕಚ್ಚಿಕೊಂಡದ್ದು ಕೈಗೆ ಗೊತ್ತಾದ ಮೇಲೆ ಒಂದೇ ಬಿರುಸಿನಲ್ಲಿ ಸೆಳೆಯಿರಿ. ಎರಡು ಮೂರು ಎಳೆತಕ್ಕೆ ಅದು ಒಮ್ಮೆ ಕೆಮ್ಮುತ್ತದೆ. ಕೆಮ್ಮಿದ ಕೂಡಲೇ ಚೋಕನ್ನು ಅರ್ಧ ಒಳಗೆ ತಳ್ಳಿ ಮತ್ತೆ ಸೆಳೆಯಿರಿ. ನಮ್ಮೂರಿನ ಸೆಕೆಗೆ ಅದಕ್ಕಿಂತ ಹೆಚ್ಚು ಚೋಕ್ ಬೇಡ. ಆ ಕೆಮ್ಮನ್ನು ಗಮನಿಸದೆ ಎಳೆಯುತ್ತಲೇ ಇದ್ದರೆ ಪೆಟ್ರೋಲ್ ಓವರ್‌ಫ್ಲೋ ಆಗುತ್ತದೆ.

ನಮ್ಮ ನೆರೆಮನೆಯ ಹುಡುಗ ಒಂದು ಬೆಳಿಗ್ಗೆ ಅಂಗೈ ಬೊಬ್ಬೆ ಏಳುವವರೆಗೆ ಎಳೆದ. ಇಂಜಿನ್ ಎದ್ದು ಎರಡು ನಿಮಿಷ ಓಡುವುದು, ಸಾಯುವುದು, ಮತ್ತೆ ಎಳೆತ. ನಾನು ಅಕ್ಕಿ ಆರಿಸುತ್ತಾ ಕುಳಿತಿದ್ದವಳು ಎದ್ದು ಹೋಗಿ ಬಲ್ಬ್ ಮುಟ್ಟಿದೆ. ಹಳೆಯ ದೋಸೆಯ ಹಾಗೆ ಚಪ್ಪಟೆಯಾಗಿತ್ತು. ಕ್ಯಾನಿನ ಗಾಳಿ ಸ್ಕ್ರೂ ಬಿಚ್ಚಿದಾಗ ಅದು ನಿಟ್ಟುಸಿರು ಬಿಟ್ಟಿತು. “ಅಜ್ಜೀ, ಇದನ್ನು ಮೊದಲೇ ಹೇಳಬಾರದಿತ್ತೇ” ಎಂದ. ಕೇಳಿದ್ದರೆ ಹೇಳುತ್ತಿದ್ದೆ.

ಹತ್ತು ಎಳೆತಕ್ಕೂ ಏಳದಿದ್ದರೆ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಿ. ಒಣಗಿದ್ದರೆ ಪೆಟ್ರೋಲ್ ಮೇಲೆ ಬರುತ್ತಿಲ್ಲ: ಬಲ್ಬ್, ಪೈಪ್, ಜೆಟ್ ಹುಡುಕಿ. ಒದ್ದೆಯಿದ್ದರೆ ಕಿಡಿ ಇಲ್ಲ, ಇಲ್ಲವೇ ಓವರ್‌ಫ್ಲೋ ಆಗಿದೆ. ಓವರ್‌ಫ್ಲೋ ಆಗಿದ್ದರೆ ಪ್ಲಗ್ ಒರೆಸಿ ಹಾಕಿ, ಚೋಕ್ ಪೂರ್ತಿ ಒಳಗೆ ತಳ್ಳಿ ಒಂದು ಬೀಡಿ ಸೇದುವಷ್ಟು ಹೊತ್ತು ಬಿಡಿ (ಬೀಡಿ ದೂರ ಹೋಗಿ ಸೇದಿ), ಆಮೇಲೆ ಹಿಡಿಕೆಯನ್ನು ಇನ್ನಷ್ಟು ತೆರೆದು ಎಳೆಯಿರಿ. ಹೊತ್ತಿದ ಕೂಡಲೇ ಹಿಡಿಕೆ ಇಳಿಸಿ. ಡಬ್ಬಿಯಲ್ಲಿ ಬರುವ ಸ್ಟಾರ್ಟಿಂಗ್ ಸ್ಪ್ರೇಯನ್ನು ಮಾತ್ರ ಟೂ ಸ್ಟ್ರೋಕ್ ಇಂಜಿನ್ನಿಗೆ ಹೊಡೆಯಬೇಡಿ. ಅದರಲ್ಲಿ ಎಣ್ಣೆಯಿಲ್ಲ; ಒಳಗಿನ ಎಣ್ಣೆಯ ಪಸೆಯನ್ನೂ ತೊಳೆದು ಹಾಕುತ್ತದೆ.

ಎದ್ದ ಮೇಲೆ ನೀಲಿ ಹೊಗೆ ಕಂಡು ಹೆದರಬೇಡಿ, ನೀವೇ ಬಿಟ್ಟ ಎಣ್ಣೆ ಅದು. ನೋಡಬೇಕಾದದ್ದು ಹಿಂಬದಿಯ ಸಣ್ಣ ತೂತಿನಿಂದ ಬರುವ ನೀರಿನ ಎಳೆಯನ್ನು. ಅದು ಕಾಣದಿದ್ದರೆ ಕೂಡಲೇ ಆರಿಸಿ.

ಸೀಮೆಎಣ್ಣೆಯ ಇಂಜಿನ್ನಿಗೆ ಇನ್ನೊಂದು ಗುಟ್ಟಿದೆ. ತಣ್ಣಗಿರುವಾಗ ಸೀಮೆಎಣ್ಣೆ ಆವಿಯಾಗುವುದಿಲ್ಲ, ಅದಕ್ಕೇ ಪೆಟ್ರೋಲಿನಲ್ಲಿ ಎಬ್ಬಿಸಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು. ಆದರೆ ದಡ ಕಂಡ ಖುಷಿಯಲ್ಲಿ ಹಾಗೆಯೇ ಆರಿಸಿಬಿಟ್ಟರೆ ಕಾರ್ಬೊರೇಟರಿನ ಬಟ್ಟಲು ತುಂಬ ಸೀಮೆಎಣ್ಣೆ. ಮರುದಿನ ಬೆಳಿಗ್ಗೆ ನಾಲ್ಕಕ್ಕೆ ಕುಲದೇವರೆಲ್ಲ ನೆನಪಾಗುತ್ತಾರೆ. ದಡ ಮುಟ್ಟುವ ಐದು ನಿಮಿಷ ಮೊದಲೇ ಪೆಟ್ರೋಲಿಗೆ ತಿರುಗಿಸಿ. ಮೇ ತಿಂಗಳ ಕೊನೆಯ ದಿನವಂತೂ ಸಿಹಿನೀರಿನ ಡ್ರಮ್ಮಿನಲ್ಲಿ ಓಡಿಸುತ್ತಾ ಪೆಟ್ರೋಲ್ ಪೈಪ್ ಕಿತ್ತು, ಅದು ತಾನಾಗಿ ಆರುವವರೆಗೆ ಬಿಟ್ಟು, ಉಳಿದದ್ದನ್ನು ತಳದ ಸ್ಕ್ರೂನಿಂದ ಇಳಿಸಿ. ಅಂದು ಹತ್ತು ನಿಮಿಷ ಸೋಮಾರಿತನ ಮಾಡದಿದ್ದರೆ ಆಗಸ್ಟಿನಲ್ಲಿ ಈ ಬರಹದ ಅರ್ಧ ಬೇಡ.

ಪೆಟ್ರೋಲ್ ತಂದ ದಿನವನ್ನು ಕ್ಯಾನಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುವುದು ನನ್ನ ರೂಢಿ. ನೀರು ತಾಗಿದರೆ ಅಳಿಸುತ್ತದೆ ಎಂದು ಮೊಮ್ಮಗ ಒಮ್ಮೆ ಪೇಂಟಿನಲ್ಲಿ ಬರೆದ. ಈಗ ಯಾವ ವರ್ಷ ನೋಡಿದರೂ ನಮ್ಮ ಪೆಟ್ರೋಲಿಗೆ ಅದೇ ತಾರೀಖು.