ಅಮ್ಮನಿಗೆ ಸಹಾಯದವರನ್ನು ಗೊತ್ತು ಮಾಡುವ ಮುಂಚೆ

ಅಮ್ಮನಿಗೆ 79. ಬಸವನಗುಡಿಯ ಹಳೇ ಮನೆಯಲ್ಲಿ ಒಬ್ಬರೇ ಇರುತ್ತಾರೆ. ನಾನಿರುವುದು ವೈಟ್‌ಫೀಲ್ಡಿನಲ್ಲಿ. ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಲೈನಿಗೆ ಬದಲಾಯಿಸಿ, ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಇಳಿದು ಹೋಗಬೇಕು.

ಹೋದ ವರ್ಷ ಅವರು ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡರು. ಗಾಬರಿಯಲ್ಲಿ ನಾನು ಒಂದು ಏಜೆನ್ಸಿಗೆ ಫೋನ್ ಮಾಡಿ ಮರುದಿನವೇ ಒಬ್ಬರನ್ನು ಕರೆಸಿದೆ. ಆಕೆ ಒಳ್ಳೆಯವರೇ. ಆದರೆ ಅಮ್ಮ ಎದ್ದರೆ ಸಾಕು, "ನೀವು ಕೂತ್ಕೊಳ್ಳಿ ಅಜ್ಜಿ, ನಾನ್ ಮಾಡ್ತೀನಿ." ಕೈ ವಾಸಿಯಾದ ಮೇಲೂ ಹಾಗೇ. ಎರಡು ತಿಂಗಳಾಗುವಷ್ಟರಲ್ಲಿ ಅಮ್ಮನಿಗೆ ಗಾಂಧಿ ಬಜಾರಿಗೆ ನಡೆದು ಹೋಗುವ ಶಕ್ತಿಯೇ ಇರಲಿಲ್ಲ. ಈ ವಯಸ್ಸಿನಲ್ಲಿ ಸುಮ್ನೆ ಕೂತರೆ ಕಾಲಿನ ಬಲ ಬಹಳ ಬೇಗ ಇಳಿಯುತ್ತದೆ. ಅದು ನನಗೆ ಗೊತ್ತಿರಬೇಕಿತ್ತು.

ಅದಕ್ಕೇ ಹೇಳುತ್ತೇನೆ, ಯಾರಿಗೂ ಫೋನ್ ಮಾಡುವ ಮುಂಚೆ ಒಂದು ದಿನ ಪೂರ್ತಿ ಅವರ ಜೊತೆ ಇರಿ. ಹಾಸಿಗೆಯಿಂದ ಏಳುವಾಗ ಏನನ್ನು ಹಿಡಿದುಕೊಳ್ಳುತ್ತಾರೆ? ಗ್ಯಾಸ್ ಆರಿಸಲು ಮರೆಯುತ್ತಾರಾ? ಮಾತ್ರೆ ಶೀಟಿನಲ್ಲಿ ಲೆಕ್ಕಕ್ಕಿಂತ ಜಾಸ್ತಿ ಉಳಿದಿದೆಯಾ? ಆಮೇಲೆ ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆದು, ಈ ಕಡೆ ಅವರೇ ಮಾಡುವ ಕೆಲಸ, ಆ ಕಡೆ ಸಹಾಯದವರು ಮಾಡುವ ಕೆಲಸ ಅಂತ ಅವರನ್ನೇ ಕೇಳಿ ಬರೆಯಿರಿ. ನಮ್ಮಮ್ಮ ತರಕಾರಿ ಹೆಚ್ಚುವುದು, ಒಗ್ಗರಣೆ, ಪೂಜೆ, ಹೂವು ತರುವುದು ತನ್ನದೇ ಎಂದರು. ಬಿಸಿನೀರಿನ ಬಕೆಟ್, ಅಟ್ಟದ ಮೇಲಿನ ಡಬ್ಬಿಗಳು, ನೆಲ ಒರೆಸುವುದು, ಡಾಕ್ಟರ ಹತ್ತಿರ ಹೋಗುವಾಗ ಜೊತೆ, ಇವು ಆ ಕಡೆಗೆ ಬಂದವು. ಬರುವವರಿಗೆ ಮೊದಲ ದಿನವೇ ಈ ಪುಟ ತೋರಿಸಿ.

ಎಲ್ಲರನ್ನೂ ಹೋಮ್ ನರ್ಸ್ ಅನ್ನುತ್ತಾರೆ, ಆದರೆ ಕೆಲಸ ಬೇರೆ ಬೇರೆ. ಇಂಜೆಕ್ಷನ್, ಕ್ಯಾಥೆಟರ್ (ಮೂತ್ರ ಹೋಗಲು ಹಾಕುವ ನಳಿಕೆ), ಗಾಯದ ಡ್ರೆಸ್ಸಿಂಗ್ ಇದ್ದರೆ ತರಬೇತಾದ ನರ್ಸ್ ಬೇಕು, ಅವರ ಸರ್ಟಿಫಿಕೇಟ್ ಕೇಳಿ ನೋಡಿ. ಸ್ನಾನ, ಊಟ, ಓಡಾಟಕ್ಕೆ ಆಸರೆ ಸಾಕು ಅಂದರೆ ಕೇರ್‌ಟೇಕರ್ ಸಾಕು, ಖರ್ಚೂ ಕಡಿಮೆ. ರಾತ್ರಿ ಎಬ್ಬಿಸಿ ಕರೆದುಕೊಂಡು ಹೋಗುವ ಅಗತ್ಯ ಇಲ್ಲದಿದ್ದರೆ 24 ಗಂಟೆಯವರು ಬೇಡ.

ಏಜೆನ್ಸಿಯವರು ಬಾಯಲ್ಲಿ ಹೇಳಿದ್ದನ್ನೆಲ್ಲ ಬರೆಸಿಕೊಳ್ಳಿ. ನಮಗೆ ಒಂದೇ ತಿಂಗಳಲ್ಲಿ ಮೂರು ಜನರನ್ನು ಬದಲಾಯಿಸಿ ಕಳಿಸಿದರು. ಪ್ರತಿ ಸಲವೂ ಅಮ್ಮ ಹೊಸಬರಿಗೆ ಮೊದಲಿಂದ ಎಲ್ಲ ಹೇಳಬೇಕಾಯಿತು. ರಜೆ ಹಾಕಿದರೆ ಯಾರು ಬರುತ್ತಾರೆ, ಅಡ್ವಾನ್ಸ್ ವಾಪಸ್ ಹೇಗೆ, ಪೊಲೀಸ್ ವೆರಿಫಿಕೇಶನ್ ಆಗಿದೆಯಾ, ಮೂರನ್ನೂ ಕೇಳಿ. ಎಟಿಎಂ ಕಾರ್ಡು, ಪಿನ್ ಯಾರಿಗೂ ಕೊಡಬೇಡಿ. ದಿನದ ಖರ್ಚಿಗೆ ಒಂದು ಸಣ್ಣ ಪರ್ಸ್ ಇಟ್ಟರೆ ಸಾಕು.

ಬರುವವರ ಊಟ, ಮಧ್ಯಾಹ್ನ ಕಾಲು ಚಾಚಲು ಜಾಗ, ವಾರದ ರಜೆ ಇವನ್ನೂ ಮೊದಲೇ ಮಾತಾಡಿ. ತಟ್ಟೆ ಲೋಟ ಬೇರೆ ಇಡುವ ಮನೆಯಲ್ಲಿ ಯಾರಿಗೆ ಮನಸ್ಸಿಟ್ಟು ಕೆಲಸ ಮಾಡಬೇಕು ಅನ್ನಿಸುತ್ತದೆ, ಹೇಳಿ?

ಬಚ್ಚಲಿನ ಕೆಲಸ ಮಾತ್ರ ಮುಂದೂಡಬೇಡಿ. ಗೋಡೆಗೆ ಸ್ಕ್ರೂ ಹಾಕಿ ಬಿಗಿಸಿದ ಸ್ಟೀಲ್ ಹಿಡಿ, ಕೂತು ಸ್ನಾನ ಮಾಡಲು ಸ್ಟೂಲು, ಜಾರದ ಮ್ಯಾಟು, ರಾತ್ರಿ ದೀಪ. ಒಳಗಿಂದ ಚಿಲಕ ಬೇಡ ಎಂದು ಅಮ್ಮನನ್ನು ಒಪ್ಪಿಸಲು ನನಗೆ ಒಂದು ವಾರ ಹಿಡಿಯಿತು.

ಫೋನಿನ ಪಕ್ಕ ದಪ್ಪ ಅಕ್ಷರದಲ್ಲಿ ನಂಬರ್ ಬರೆದು ಅಂಟಿಸಿ. ಆಂಬುಲೆನ್ಸಿಗೆ 108. ಹಿರಿಯರಿಗೆ ಯಾರಾದರೂ ತೊಂದರೆ ಕೊಟ್ಟರೆ, ಸಲಹೆ ಬೇಕಾದರೆ ಬೆಂಗಳೂರಿನ ಹಿರಿಯರ ಸಹಾಯವಾಣಿ 1090. ದೇಶಕ್ಕೆಲ್ಲ ಇರುವುದು 14567. ಪಕ್ಕದ ಮನೆಯವರ ನಂಬರೂ ಇರಲಿ, ಒಂದು ಬೀಗದ ಕೈ ಅವರ ಹತ್ತಿರ ಇರಲಿ.

ಈಗ ಹಾವೇರಿ ಕಡೆಯ ಒಬ್ಬ ಹುಡುಗಿ ಬೆಳಿಗ್ಗೆ ಎಂಟಕ್ಕೆ ಬಂದು ಸಂಜೆ ಆರಕ್ಕೆ ಹೋಗುತ್ತಾಳೆ. ಹೋಗುವ ಮುಂಚೆ ಇಬ್ಬರೂ ಹೂವಿಗೆ ಗಾಂಧಿ ಬಜಾರಿಗೆ ಹೋಗಿ ಬರುತ್ತಾರೆ. ಮೂರು ತಿಂಗಳಿಗೊಮ್ಮೆ ಆ ನೋಟ್‌ಬುಕ್ ತೆಗೆದು ಮತ್ತೆ ನೋಡುತ್ತೇವೆ. ಹೋದ ಸಲ ಅಮ್ಮನೇ ಪೆನ್ನು ಇಸ್ಕೊಂಡು, ಮಹಡಿಯ ಮೇಲೆ ಬಟ್ಟೆ ಒಣಹಾಕುವುದನ್ನು ಗೆರೆಯ ಆ ಕಡೆಗೆ ಬರೆದರು.