ಲೆನ್ಸ್ ಆಮೇಲೆ, ಮೊದಲು ನೆರಳು

ದಾವಣಗೆರೆಯ ಮಧ್ಯಾಹ್ನದ ಬಿಸಿಲಲ್ಲಿ ಯಾರದಾದರೂ ಫೋಟೋ ತೆಗೆದು ನೋಡಿ. ಬೆಳಕು ನೆತ್ತಿ ಮೇಲಿಂದ ಬೀಳುತ್ತದೆ, ಕಣ್ಣು ಗುಳಿಯೊಳಗೆ ಕಪ್ಪಾಗಿಬಿಡುತ್ತದೆ, ಮೂಗಿನ ಕೆಳಗೂ ಕಪ್ಪು. ಎಂಥ ದುಬಾರಿ ಕ್ಯಾಮೆರಾ ಇದ್ದರೂ ಇದು ಹೋಗುವುದಿಲ್ಲ. ಅದಕ್ಕೇ ನಾನು ಮೊದಲು ಹುಡುಕುವುದು ನೆರಳು.

ನಾನು ಜಾಸ್ತಿ ಓಡಾಡುವುದು ಮಂಡಕ್ಕಿ ಭಟ್ಟಿಗಳ ಕಡೆ. ಒಳಗೆ ಹೊಗೆ, ಕತ್ತಲು. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಎರಡರ ನಡುವಿನ ಬಾಗಿಲಲ್ಲೇ ನನ್ನ ಕೆಲಸ. "ಅಜ್ಜ, ಹೊಸ್ತಿಲಿಂದ ಒಂದ್ ಹೆಜ್ಜೆ ಒಳಗ್ ನಿಲ್ರಿ, ಮುಖ ರಸ್ತೆ ಕಡೆ ಇರ್ಲಿ" ಅಂತ ಹೇಳುತ್ತೇನೆ. ಬಿಸಿಲಿನ ಗೆರೆ ಅವರ ಕಾಲ್ಬೆರಳ ಮುಂದೆಯೇ ನಿಲ್ಲಬೇಕು. ಆಗ ರಸ್ತೆಗೆ ಬಿದ್ದ ಬಿಸಿಲು ಕೆಳಗಿನಿಂದ ಮುಖಕ್ಕೆ ಚಿಮ್ಮಿ ಹುಬ್ಬಿನಡಿಯ ಕಪ್ಪನ್ನು ತೆಗೆಯುತ್ತದೆ, ಕಣ್ಣಲ್ಲಿ ಒಂದು ಬೆಳಕಿನ ಚುಕ್ಕೆ ಮೂಡುತ್ತದೆ, ಹುಬ್ಬಿಗೆ ಅಂಟಿದ ಭಟ್ಟಿಯ ಬೂದಿಯೂ ಎಳೆ ಎಳೆಯಾಗಿ ಕಾಣುತ್ತದೆ. ಆ ಚುಕ್ಕೆ ಕಾಣುವವರೆಗೂ ನಾನು ಬಟನ್ ಒತ್ತುವುದಿಲ್ಲ.

ಹಿಂದೆ ಕತ್ತಲಿರುವುದರಿಂದ ಕ್ಯಾಮೆರಾ ಇಡೀ ಚಿತ್ರವನ್ನೇ ಬೆಳಗಿಸಲು ಹೋಗಿ ಮುಖ ಬೆಳ್ಳಗೆ ಮಾಡಿಬಿಡುತ್ತದೆ. ಎಕ್ಸ್‌ಪೋಶರ್, ಅಂದರೆ ಕ್ಯಾಮೆರಾ ಒಳಗೆ ಬಿಟ್ಟುಕೊಳ್ಳುವ ಬೆಳಕನ್ನು, ಅರ್ಧದಿಂದ ಒಂದು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧಕ್ಕೆ ಇಳಿಯುತ್ತದೆ). ಹಿಂದೆ ಸುಣ್ಣದ ಗೋಡೆ ಇದ್ದರೆ ಉಲ್ಟಾ, ಏರಿಸಬೇಕು. ಕಪ್ಪು ಮೈಬಣ್ಣ ಕಪ್ಪಾಗಿಯೇ ಬರಬೇಕು. ಅದನ್ನು ಕಂಪ್ಯೂಟರಲ್ಲಿ ಬಿಳುಪು ಮಾಡುವುದು ನನಗೆ ಸ್ವಲ್ಪವೂ ಇಷ್ಟವಿಲ್ಲ.

ಲೆನ್ಸ್ 50 ಎಂಎಂ ಸಾಕು. ಅದರ ಬಾಯಿ ಎಫ್ 1.8ರವರೆಗೆ ಅಗಲವಾಗುತ್ತದೆ ಅಂತ ಪೂರ್ತಿ ತೆರೆದರೆ ಹತ್ತಿರದಲ್ಲಿ ಒಂದು ಕಣ್ಣು ಚೂಪು, ಇನ್ನೊಂದು ಮಸುಕು. ಸ್ವಲ್ಪ ಕಿರಿದು ಮಾಡಿ 2.8ಕ್ಕೆ ಇಡಿ, ಹತ್ತಿರದ ಕಣ್ಣಿಗೆ ಫೋಕಸ್ ಮಾಡಿ, ಶಟರ್ ವೇಗ 1/200 ಸೆಕೆಂಡಿಗಿಂತ ನಿಧಾನ ಬೇಡ. ಐದಾರು ಅಡಿ ದೂರ ನಿಲ್ಲಿ, ತೀರಾ ಹತ್ತಿರ ಹೋದರೆ ಮೂಗು ದಪ್ಪ ಕಾಣುತ್ತದೆ. ಮೊಬೈಲಲ್ಲೂ ಅಷ್ಟೇ, ಹಿಂದೆ ಸರಿದು 2ಎಕ್ಸ್ ಜೂಮ್ ಇಟ್ಟುಕೊಳ್ಳಿ.

ಇನ್ನು ಮಾತು. "ನಗ್ರಿ" ಅಂದರೆ ಯಾರೂ ಸರಿಯಾಗಿ ನಗುವುದಿಲ್ಲ, ಅಲ್ವಾ? ನಾನು ಕ್ಯಾಮೆರಾ ಎದೆ ಹತ್ತಿರ ಇಟ್ಟುಕೊಂಡು ಮಂಡಕ್ಕಿ ಹುರಿಯುವ ಮರಳು ಕಾದಿದ್ದು ಹೇಗೆ ಗೊತ್ತಾಗುತ್ತೆ ಅಂತ ಕೇಳುತ್ತೇನೆ. ಅವರು ಕೈ ಆಡಿಸಿ ವಿವರಿಸುತ್ತಾರೆ. ಹೇಳಿ ಮುಗಿಸಿದ ಮೇಲೆ ಮುಖ ಒಂದು ಕ್ಷಣ ಸುಮ್ನೆ ತನ್ನಷ್ಟಕ್ಕೆ ನಿಲ್ಲುತ್ತದೆ, ನನಗೆ ಬೇಕಾದ್ದು ಅದೇ.

ಚಿತ್ರದುರ್ಗದ ಕೋಟೆಯಲ್ಲೂ ಇದೇ ಲೆಕ್ಕ. ಬಂಡೆಯ ನೆರಳಲ್ಲಿ ನಿಲ್ಲಿಸಿ, ಎದುರಿನ ಬಂಡೆಗೆ ಬಿಸಿಲು ಬಿದ್ದಿರುವ ಜಾಗ ನೋಡಿಕೊಳ್ಳಿ.